ದನಿಬಾವಿಗೆ ಮಣ್ಣು ಹಾಕಿದ್ದು

ಮುಂಬಯಿ ಹತ್ತಿರದ ಕಲ್ಯಾಣದ ಆ ಥೇಟರಿನ ರಂಗದ ಕೆಳಗೆ ಒಂದು ಬಾವಿ ಇದೆ ಎಂಬುದು ನಾಲ್ಕೇ ಜನಕ್ಕೆ ಗೊತ್ತಿತ್ತು. ಅದನ್ನು ತೋಡಿಸಿದ ನನ್ನ ಸೋದರಮಾವ ತೀರಿಹೋಗಿದ್ದ. ಥೇಟರು ಕಟ್ಟಿಸಿದ ಮಾಲಕರೂ ಹೋಗಿದ್ದರು. ಉಳಿದವರು ಇಬ್ಬರು. ಒಬ್ಬರು ಕ್ಯಾಂಟೀನ್ ನಡೆಸುತ್ತಿದ್ದ ಉಡುಪಿ ಕಡೆಯ ಅಣ್ಣ, ಇನ್ನೊಬ್ಬ ನಾನು. ಅಣ್ಣ ಬಾಯಿ ಮುಚ್ಚಿಕೊಂಡಿದ್ದರು. ನಾನು ಮುಚ್ಚಿಕೊಳ್ಳಲಿಲ್ಲ. ಮುಂದೆ ಬರೆಯುವುದೆಲ್ಲ ಅದರಿಂದ ಆದದ್ದು. ಇಷ್ಟು ವರ್ಷ ಕಳೆದರೂ ಬರೆಯಲು ಕೂತರೆ ಹಲ್ಲು ಕಚ್ಚುತ್ತೇನೆ.

ಮೊದಲು ಬಾವಿಯ ಸಂಗತಿ ಹೇಳಬೇಕು. ನನ್ನ ಮಾವ ಗದಗಿನ ಕಡೆಯಿಂದ ಒಂದು ನಾಟಕ ಕಂಪನಿಯ ಬಡಿಗನಾಗಿ ಬಂದವನು. ಕಂಪನಿ ಕಲ್ಯಾಣದಲ್ಲಿ ಮುರಿಯಿತು, ಮಾವ ಅಲ್ಲೇ ಉಳಿದ. ಆಗ ಮಾಲಕರು ನಾಟಕಕ್ಕೆಂದೇ ಥೇಟರು ಕಟ್ಟಿಸುತ್ತಿದ್ದರು. ಮೈಕಿಲ್ಲದ ಕಾಲ. ಹಿಂದಿನ ಬೆಂಚಿನವನಿಗೂ ನಟನ ಪಿಸುಮಾತು ಮುಟ್ಟಬೇಕು. ಮಾವ ರಂಗದ ನಟ್ಟನಡುವೆ ಎರಡಾಳು ಆಳದ ಗುಂಡಿ ತೋಡಿಸಿದ. ಸುತ್ತ ಗಾರೆಯಲ್ಲಿ ಇಟ್ಟಿಗೆ ಕಟ್ಟಿಸಿ, ತಳವನ್ನು ಮಾತ್ರ ಬರಿ ಮಣ್ಣಾಗಿ ಬಿಟ್ಟ, ಮಳೆಗಾಲದ ಒರತೆ ತಾನೇ ಇಳಿದುಹೋಗಲಿ ಎಂದು. ತಳದಲ್ಲಿ ಏಳು ದೊಡ್ಡ ಮಣ್ಣಿನ ಹರವಿಗಳನ್ನು ಬಾಯಿ ಮೇಲೆ ಮಾಡಿ ನಿಲ್ಲಿಸಿದ. ಮೇಲೆ ಸಾಗವಾನಿ ಹಲಗೆ. ಒಂದಕ್ಕೂ ಮೊಳೆ ಇಲ್ಲ. ತೊಲೆಗೂ ಹಲಗೆಗೂ ನಡುವೆ ತೆಂಗಿನ ನಾರಿನ ಹಗ್ಗ ಹಾಸಿದ್ದ. 'ಮೊಳಿ ಹೊಡದ್ರ ಹಲಗಿ ಉಸರಾಡಂಗಿಲ್ಲೋ,' ಎನ್ನುತ್ತಿದ್ದ. ಎಡ ಪಕ್ಕದ ಕೊನೆಯ ಹಲಗೆಯ ಬದಿಗೆ ಅಂಗೈಯಷ್ಟು ಒಂದು ಕೀಲು. ಅದನ್ನು ಕೊಡತಿಯಿಂದ ಮೂರು ಸಲ ಒಳಮುಖವಾಗಿ ಬಡಿದರೆ ಇಡೀ ರಂಗದ ಹಲಗೆ ಒಂದರ ಹಿಂದೆ ಒಂದು ಸರಿಯುತ್ತಿತ್ತು. ಆ ಗುಂಡಿಗೆ ಅವನು ಇಟ್ಟ ಹೆಸರು ದನಿಬಾವಿ. ನಗರದ ನಕ್ಷೆಯಲ್ಲಿ ಅದು ಇರಲಿಲ್ಲ. ಪರವಾನಗಿಗೆ ಕೊಟ್ಟ ಕಾಗದದಲ್ಲಿ ಅದನ್ನು ತೋರಿಸಿರಲೇ ಇಲ್ಲ.

ನಾನು ಅವನ ಕೈಕೆಳಗೆ ಕೆಲಸ ಕಲಿತೆ. ಪ್ರತಿ ಆಟಕ್ಕೂ ಮೊದಲು ಮಾವ ರಂಗದ ನಡುವೆ ನಿಂತು ಒಂದೇ ಒಂದು ಚಪ್ಪಾಳೆ ಹೊಡೆಯುತ್ತಿದ್ದ. ನಾನು ಕೊನೆಯ ಬೆಂಚಿನಲ್ಲಿ ಕಿವಿಕೊಟ್ಟು ಕೂತಿರುತ್ತಿದ್ದೆ. ನನ್ನ ಕಿವಿಯ ಪಕ್ಕದಲ್ಲೇ ಹೊಡೆದಂತೆ ಕೇಳಿದರೆ ಕೈ ಎತ್ತುವುದು. ಮಂದವಾಗಿ ಕೇಳಿದರೆ ಹಲಗೆಗೆ ತೇವ ಹಿಡಿದಿದೆ ಎಂದು ಲೆಕ್ಕ. ರಂಗದ ಅಡಿಗೆ ಇದ್ದಿಲ ಶಗಡಿ ಸರಿಸಿ ಒಣಗಿಸುತ್ತಿದ್ದೆವು. ನಾಟಕ ಕಡಿಮೆಯಾಗಿ ಸಿನಿಮಾ ಬಂದಮೇಲೂ ಆ ಬಾವಿಯ ಉಪಕಾರ ನಿಲ್ಲಲಿಲ್ಲ. ಪರದೆಯ ಹಿಂದೆ, ಸರಿಯಾಗಿ ಬಾವಿಯ ನೆತ್ತಿಯ ಮೇಲೆ, ಸ್ಪೀಕರಿನ ಪೆಟ್ಟಿಗೆ ಇಟ್ಟೆವು. ರವಿವಾರ ಬೆಳಿಗ್ಗೆ ಕನ್ನಡ ಪಿಚ್ಚರು ಹಾಕಿದರೆ ಡೊಂಬಿವಲಿ, ಅಂಬರನಾಥ, ಶಹಾಡದಿಂದ ನಮ್ಮ ಮಂದಿ ಲೋಕಲ್ ಹಿಡಿದು ಬರುತ್ತಿದ್ದರು.

ಅವರಲ್ಲಿ ಒಬ್ಬಳು ಥೇಟರಿನ ಹಿಂದಿನ ವಠಾರದ, ಅಂದರೆ ಚಾಳಿನ, ಅಕ್ಕ. ವಿಜಾಪುರದ ಕಡೆಯವಳು, ಗಂಡ ಸತ್ತಮೇಲೆ ಖಾನಾವಳಿ ಹಾಕಿದ್ದಳು. ಶಹಾಡದ ಕಾರಖಾನೆಗಳಿಗೆ ಹೋಗುವ ನಮ್ಮ ಕಡೆಯ ಕೆಲಸಗಾರರು ಅವಳ ಜೋಳದ ರೊಟ್ಟಿ ಕಟ್ಟಿಸಿಕೊಂಡೇ ಟ್ರೇನು ಹತ್ತುತ್ತಿದ್ದರು. ಎಲ್ಲಕ್ಕೂ ಚಾಳಿನ ಬಾವಿಯ ನೀರು. ನಳ ದಿನಕ್ಕೆ ಅರ್ಧ ತಾಸು ಬಂದರೆ ಹೆಚ್ಚು. ಆ ಬಾವಿ ನಮ್ಮ ರಂಗದ ಹಿಂಗೋಡೆಯಿಂದ ಹತ್ತು ಹದಿನೈದು ಹೆಜ್ಜೆ. ಅಕ್ಕ ಯಾವಾಗಲೂ ಕೊನೆಯ ಬೆಂಚು. 'ಅಲ್ಲಿ ಕುಂತ್ರೂ ಎಲ್ಲಾ ಕೇಳಸ್ತೈತಿ, ಮುಂದ ಯಾಕ ರೊಕ್ಕಾ ಸುರೀಲಿ?' ಎನ್ನುತ್ತಿದ್ದಳು.

ಮಾಲಕರು ತೀರಿಕೊಂಡರು. ಮಕ್ಕಳಲ್ಲಿ ಹೊಂದಾಣಿಕೆ ಆಗಲಿಲ್ಲ. ಎಮರ್ಜೆನ್ಸಿ ಮುಗಿದ ಮೇಲಿನ ದಿನಗಳು, ಥೇಟರಿನ ಬಾಗಿಲು ಮುಚ್ಚಿತು. ಕೆಲವು ತಿಂಗಳಾದ ಮೇಲೆ ಒಬ್ಬ ಶೇಟ ಅದನ್ನು ಗೋದಾಮಿಗೆಂದು ಬಾಡಿಗೆಗೆ ಹಿಡಿದ. ಬಣ್ಣದ ಕಾರಖಾನೆಗಳಿಂದ ಖಾಲಿ ಡ್ರಮ್ಮು ತಂದು ತೊಳೆಸಿ, ಬಣ್ಣ ಬಳಿಸಿ ಮಾರುವುದು ಅವನ ಧಂದೆ. ಕಟ್ಟಡದ ಸಂದಿಗೊಂದಿ ಬಲ್ಲವನೆಂದು ನನ್ನನ್ನೇ ಮಿಸ್ತ್ರಿಯಾಗಿ ಇಟ್ಟುಕೊಂಡ.

ಮೊದಲ ದಿನ ಕುರ್ಚಿಗಳನ್ನೆಲ್ಲ ಕಿತ್ತು ಹೊರಗೆ ರಾಶಿ ಹಾಕಿದ್ದರು. ಶೇಟ ಚಹಾ ತರಿಸಿ, 'ಮಿಸ್ತ್ರಿ, ಇಷ್ಟು ದೊಡ್ಡ ಹಾಲ್ ಕಟ್ಟಿದವ ಯಾರು?' ಎಂದು ಕೇಳಿದ. ಕೇಳಿದ್ದೇ ಸಾಕು. ಕಥೆ ಹೇಳುವ ಚಟ ನನಗೆ ಮಾವನಿಂದ ಬಂದದ್ದು. ಈ ಮನುಷ್ಯನಿಗೆ ಜಾಗದ ಮಹಿಮೆ ತಿಳಿದರೆ ಸ್ವಲ್ಪ ಮರ್ಯಾದೆಯಿಂದ ಇಟ್ಟಾನು ಎಂಬ ಹುಚ್ಚು ಆಸೆ ಬೇರೆ. ಕಂಪನಿ, ಮಾವ, ಹರವಿ, ಹಲಗೆ ಎಲ್ಲ ಹೇಳಿದೆ. ರಂಗಕ್ಕೆ ಕರೆದುಕೊಂಡು ಹೋಗಿ ಚಪ್ಪಾಳೆ ಹೊಡೆದು ತೋರಿಸಿದೆ. ಖಾಲಿ ಹಾಲ್‌ನಲ್ಲಿ ಅದು ಹಕ್ಕಿ ಹಾರಿದ ಹಾಗೆ ಹೋಗಿ ಹಿಂದಿನ ಗೋಡೆಗೆ ಮುಟ್ಟಿತು. ಶೇಟ ತಲೆದೂಗಿ, 'ವಾ, ತುಮ್ ತೋ ಬಡೇ ಕಲಾಕಾರ್ ಹೋ,' ಎಂದ. ಆಮೇಲೆ ಒಂದೇ ಪ್ರಶ್ನೆ ಕೇಳಿದ.

'ಎಷ್ಟು ಆಳ?'

'ಎರಡಾಳು,' ಎಂದೆ. ಹೆಮ್ಮೆಯಿಂದ ಎಂದೆ. ತಳ ಬರಿ ಮಣ್ಣಿನದು, ನೀರು ನಿಲ್ಲುವುದಿಲ್ಲ ಎಂದೂ ಸೇರಿಸಿದೆ. ಕೇಳದಿದ್ದರೂ ಸೇರಿಸಿದೆ.

ಮರುವಾರ ಡ್ರಮ್ಮು ತೊಳೆಯುವ ಕೆಲಸ ಶುರುವಾಯಿತು. ನೋಡುವವರ ಕಣ್ಣಿಗೆ ಅಡ್ಡ ಬಾರದಿರಲಿ ಎಂದು ಥೇಟರಿನ ನೆಲವನ್ನು ಹಿಂದಿನಿಂದ ರಂಗದ ಕಡೆಗೆ ಇಳಿಜಾರು ಮಾಡಿದ್ದರಲ್ಲ, ಅದೇ ಇಳಿಜಾರಿನಲ್ಲಿ ತೊಳೆದ ನೀರು ತಾನಾಗಿ ರಂಗದ ಬುಡಕ್ಕೆ ಹರಿದು ಬರುತ್ತಿತ್ತು. ಶೇಟ ನನ್ನನ್ನು ಡೊಂಬಿವಲಿಯ ತನ್ನ ಇನ್ನೊಂದು ಗೋದಾಮಿಗೆ ಎರಡು ವಾರ ಚಾವಣಿ ಕೆಲಸಕ್ಕೆ ಕಳಿಸಿದ. ನಾನು ಬರುವಷ್ಟರಲ್ಲಿ ರಂಗದ ಮುಂಗೋಡೆಯಲ್ಲಿ ಒಂದು ತೂತು, ತೂತಿನೊಳಗೆ ಕೊಳವೆ, ರಂಗದ ಮೇಲೆ ಮೂರು ಅಂತಸ್ತು ಡ್ರಮ್ಮು.

'ಶೇಟಜೀ, ಈ ನೀರು ಎಲ್ಲಿಗೆ ಹೋಗ್ತದ?' ಎಂದು ಕೇಳಿದೆ.

'ಗಟಾರಕ್ಕೆ,' ಎಂದ, ನನ್ನ ಮುಖ ನೋಡದೆ.

ನಾನು ನಂಬಿದೆನೇ? ಇಲ್ಲ. ಸುಮ್ಮನಿದ್ದೆನೇ? ಹೌದು. ಆ ಸಿಟ್ಟು ಶೇಟನ ಮೇಲೆ ಹಾಕಲು ಬರುವುದಿಲ್ಲ, ಅದು ನನ್ನದೇ ಪಾಲಿನದು. ಆ ಚಳಿಗಾಲವೆಲ್ಲ ಸುಮ್ಮನಿದ್ದೆ.

ಬೇಸಿಗೆ ಹತ್ತಿದಾಗ ಒಂದು ಬೆಳಿಗ್ಗೆ ಅಕ್ಕ ಗೋದಾಮಿನ ಬಾಗಿಲಿಗೆ ಬಂದಳು. ಸೆರಗಿನಲ್ಲಿ ಏನನ್ನೋ ಸುತ್ತಿಕೊಂಡಿದ್ದಳು. ಬಿಚ್ಚಿದಳು. ಜೋಳದ ರೊಟ್ಟಿ. ಗುಲಾಬಿ ಬಣ್ಣದ್ದು.

'ನೋಡೋ ತಮ್ಮಾ. ಹಿಟ್ಟು ಬೆಳ್ಳಗೈತಿ, ನೀರು ಹಾಕಿ ನಾದಿದ ಕೂಡ್ಲೆ ಹಿಂಗ. ಮಂದಿ ನಾ ಏನರ ಬೆರಸೇನಿ ಅಂತ ಡಬ್ಬಿ ತಿರುಗಿ ಕಳಸ್ಯಾರ.'

ಅವಳ ಅಂಗೈ ನೋಡಿದೆ. ಸಿಪ್ಪೆ ಸುಲಿದ ಹಾಗೆ ಚರ್ಮ ಎದ್ದಿತ್ತು. ಬಾವಿಕಟ್ಟೆಯ ಮೇಲೆ ಒಣಗಿದ್ದ ಹನಿಯೂ ಅದೇ ಬಣ್ಣದ್ದಾಗಿತ್ತು ಎಂದಳು. 'ಅಕ್ಕಾ, ಇದು ನಾ ಮಾಡಿದ್ದು,' ಎಂದೆ. ಅವಳಿಗೆ ಅರ್ಥವಾಗಲಿಲ್ಲ. ನಿಂತಲ್ಲೇ ಎಲ್ಲ ಹೇಳಿದೆ: ರಂಗದ ಕೆಳಗಿನ ಬಾವಿ, ನನ್ನ ಬಾಯಿ, ಶೇಟನ ಕೊಳವೆ. ಅಕ್ಕ ರೊಟ್ಟಿಯನ್ನು ಮತ್ತೆ ಸೆರಗಿನಲ್ಲಿ ಸುತ್ತಿದಳು.

'ಹೊಟ್ಟಿಗೆ ಹಾಕೋ ನೀರಿಗೆ ಹಿಂಗ ಮಾಡಿದ್ಯಾ? ಈಗ ಏನ್ ಮಾಡ್ತೀ ಅದನ್ ಹೇಳ. ಅಳೋದು ಆಮ್ಯಾಲ ಇರ್ಲಿ.'

ಚಾಳಿನವರೆಲ್ಲ ಸಹಿ ಹಾಕಿ ನಗರಸಭೆಗೆ ಅರ್ಜಿ ಕೊಟ್ಟೆವು. ಹಲವು ಸಲ ಅಲೆದ ಮೇಲೆ ಆಫೀಸಿನಿಂದ ಒಬ್ಬ ಸಾಹೇಬರು ಬಂದರು, ಕಂಕುಳಲ್ಲಿ ಥೇಟರಿನ ನಕ್ಷೆ. ಶೇಟ ಬಲು ವಿನಯದಿಂದ ಎಲ್ಲ ತೋರಿಸಿದ. ಸಾಹೇಬರು ನಕ್ಷೆ ಬಿಡಿಸಿ, 'ಇಲ್ಲಿ ಬಾವಿ ಇಲ್ಲವಲ್ಲ,' ಎಂದರು.

'ನಕ್ಷೆಯಲ್ಲಿ ಇಲ್ಲ ಸಾಹೇಬ್, ನೆಲದಾಗ ಐತಿ. ನನ್ನ ಮಾವ ಮಾಡಿದ್ದು. ನೀವು ಹಿಂದಿನ ಗೋಡೆ ಹತ್ರ ನಿಲ್ರಿ, ನಾ ಚಪ್ಪಾಳಿ ಹೊಡೀತೀನಿ. ನಿಮ್ಮ ಕಿವಿಯಾಗ ಕೇಳದಿದ್ರ ನನ್ನ ಹೆಸರು ಕಾಗದದಿಂದ ತೆಗೀರಿ.'

ಸಾಹೇಬರಿಗೆ ತಮಾಷೆ ಎನ್ನಿಸಿತು. ಹೋಗಿ ನಿಂತರು. ನಾನು ಡ್ರಮ್ಮುಗಳ ನಡುವೆ ಜಾಗ ಮಾಡಿಕೊಂಡು ನಿಂತು, ಕೈ ಅಗಲಿಸಿ, ಮಾವನನ್ನು ನೆನೆದು ಹೊಡೆದೆ.

ಏನೂ ಇಲ್ಲ. ಗೋಣಿಚೀಲಕ್ಕೆ ಹೊಡೆದ ಹಾಗೆ ಸದ್ದು ನನ್ನ ಕಾಲಬುಡದಲ್ಲೇ ಬಿತ್ತು. ಮತ್ತೆ ಹೊಡೆದೆ. ಮತ್ತೆ. ಬಾವಿ ಕಂಠದ ತನಕ ತುಂಬಿತ್ತು, ಹಲಗೆ ನೆನೆದು ಉಬ್ಬಿತ್ತು, ಮೇಲೆ ಡ್ರಮ್ಮಿನ ಭಾರ. ಸುಳ್ಳುಗಾರನಾಗಿ ನಿಂತೆ. ಅಂಗೈ ಉರಿಯುತ್ತಿತ್ತು.

'ಮಿಸ್ತ್ರಿಗೆ ನಾಟಕದ ಗೀಳು, ಸಾಹೇಬ್,' ಎಂದ ಶೇಟ. ಇಬ್ಬರೂ ನಕ್ಕರು.

ಹೊರಗೆ ಅಕ್ಕ ಬುಟ್ಟಿ ಹಿಡಿದು ನಿಂತಿದ್ದಳು. ಸಾಹೇಬರ ಕೈಗೆ ಒಂದು ಗುಲಾಬಿ ರೊಟ್ಟಿ ಇಟ್ಟಳು. 'ಖಾ ನಾ ಸಾಹೇಬ್. ಬಿಸಿ ಐತಿ.' ಅವರು ಹಿಂದೆ ಸರಿದರು. 'ಯಾಕ? ಬಾವಿ ಇಲ್ಲಂದ್ರಲ್ಲ, ವಿಷಾನೂ ಇಲ್ಲ. ತಿನ್ರಿ.' ಸಾಹೇಬರ ನಗೆ ನಿಂತಿತು. ಆದರೂ, 'ಕಣ್ಣಿಗೆ ಕಂಡದ್ದನ್ನಷ್ಟೇ ನಾನು ಬರೆಯಬಹುದು, ತಾಯಿ,' ಎಂದು ಹೇಳಿ ಹೊರಟುಹೋದರು.

ಕಣ್ಣಿಗೆ ಕಾಣಬೇಕು ತಾನೆ? ಕಾಣಿಸುತ್ತೇನೆ ಎಂದುಕೊಂಡೆ. ಸಿಟ್ಟಿನಲ್ಲಿ ತೆಗೆದುಕೊಂಡ ನಿರ್ಧಾರ, ಆದರೆ ಕೆಲಸಗಾರನ ತಲೆಯಿಂದ ಯೋಚಿಸಿದೆ. ಗುರುವಾರ ಮಧ್ಯಾಹ್ನ ಟ್ರಕ್ಕು ಬಂದು ತೊಳೆದ ಡ್ರಮ್ಮು ಒಯ್ಯುತ್ತಿತ್ತು. ಆಗ ರಂಗ ಒಂದೆರಡು ತಾಸು ಖಾಲಿ. ಕ್ಯಾಂಟೀನ್ ಅಣ್ಣ ಈಗ ಗೇಟಿನ ಹೊರಗೆ ಚಹಾ ತಿಂಡಿಯ ಗಾಡಿ ಇಟ್ಟುಕೊಂಡಿದ್ದರು. ಅವರಿಗೆ ಹೇಳಿದೆ.

'ಎಂತ ಮಾರಾಯ್ರೆ ನೀವು! ಕೆಲಸ ಹೋಗ್ತದೆ ನಿಮ್ದು.'

'ಹೋಗ್ಲಿ. ನೀವು ಆ ಸಾಹೇಬರನ್ನ ಹೆಂಗರ ಮಾಡಿ ಎರಡು ಗಂಟೆಗೆ ಕರ್ಕೊಂಡ್ ಬರಬೇಕು.'

ಅಣ್ಣ ಒಗ್ಗರಣೆ ಸೌಟನ್ನು ಪಾತ್ರೆಗೆ ಬಡಿದರು. 'ಕರ್ಕೊಂಡು ಬರುವ ಚಿಂತೆ ನನಗೆ ಬಿಡಿ. ದಿನಾ ನನ್ನ ಇಡ್ಲಿ ತಿಂತಾರೆ ಅವ್ರು. ಇವತ್ತು ತಿಂಡಿ ಥೇಟರಲ್ಲಿ ಅಂತ ಹೇಳ್ತೇನೆ.'

ಗುರುವಾರ ಟ್ರಕ್ಕು ತಿರುವಿಗೆ ಹೋದದ್ದೇ ತಡ, ಕೊಡತಿ ಹಿಡಿದು ಎಡ ಪಕ್ಕಕ್ಕೆ ಕೂತೆ. ಕೀಲಿನ ಮೇಲೆ ಕೆಸರು ಕಟ್ಟಿತ್ತು, ಉಳಿಯಿಂದ ಹೆರೆದೆ. ಒಂದು ಪೆಟ್ಟು. ಎರಡು. ಮೂರನೆಯದಕ್ಕೂ ಸರಿಯಲಿಲ್ಲ. ಮಾವ ಮೂರು ಎಂದಿದ್ದ, ಉಬ್ಬಿದ ಹಲಗೆಯ ಲೆಕ್ಕ ಅವನು ಹೇಳಿರಲಿಲ್ಲ. ಡ್ರಮ್ಮು ತೊಳೆಯುವ ಹೆಂಗಸರು, ಗಾಬರಿಯಿಂದ ನಿಂತವರು, ತಾವೇ ಬಂದು ಹಾರೆ ಹಾಕಿ ಮೀಟಿದರು. ಒಂಬತ್ತನೆಯ ಪೆಟ್ಟಿಗೆ ಕೀಲು ಒಳಗೆ ಹೋಯಿತು. ಹಲಗೆ ಕಿರ್ ಎಂದು ಸರಿಯಿತು, ಅದರ ಹಿಂದೆ ಇನ್ನೊಂದು. ನಾತ ಮೇಲೆ ಬಂತು. ಕಣ್ಣಲ್ಲಿ ನೀರು ಸುರಿಯಿತು. ಬಾವಿಯ ಬಾಯಿಯಲ್ಲಿ ಕೆಂಪು, ನೇರಳೆ, ಹಸಿರು ಕೆನೆಗಟ್ಟಿ ನಿಂತಿತ್ತು. ನನ್ನ ಮಾವ ದನಿಗೆಂದು ಕಟ್ಟಿದ ಇಟ್ಟಿಗೆಯ ಮೇಲಂಚು ಪುಡಿಪುಡಿಯಾಗಿತ್ತು.

ಟಾಂಗಾದ ಗೆಜ್ಜೆ ಸದ್ದು ಕೇಳಿತು. ಅಣ್ಣ ಸಾಹೇಬರನ್ನು ಇಳಿಸಿಕೊಂಡು ಬಂದರು. ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಶೇಟ ಓಡಿ ಬಂದಾಗ ಅವರು ಪಂಚನಾಮೆ ಬರೆಯಲು ಶುರುಮಾಡಿಯಾಗಿತ್ತು. ಶೇಟ ನನ್ನ ಕಡೆ ತಿರುಗಿ, 'ನಾಳೆಯಿಂದ ಬರಬೇಡ,' ಎಂದ.

'ನಾಳೆಯಿಂದ ನೀನೂ ತೊಳೆಯಬೇಡ,' ಎಂದೆ.

ಗೆದ್ದೆವು ಎಂದುಕೊಂಡೆವು. ಗೆದ್ದದ್ದು ಅದೊಂದೇ ದಿನ. ಆಫೀಸಿನವರು ಪರೀಕ್ಷೆಗೆಂದು ಸೀಸೆಯಲ್ಲಿ ನೀರು ತುಂಬಿಕೊಂಡು ಹೋದರು, ಡ್ರಮ್ಮು ತೊಳೆಯುವುದು ನಿಂತಿತು. ಆದರೆ ಬಾವಿಗೆ ಮೊಹರು ಹಾಕಿ, 'ಕೇಸು ಮುಗಿಯುವ ತನಕ ಇದು ಹೀಗೆಯೇ ಇರಬೇಕು, ಇದೇ ಸಾಕ್ಷಿ,' ಎಂದರು ಸಾಹೇಬರು.

'ಎಷ್ಟು ದಿನ?'

'ದಿನ ಅಲ್ಲ. ವರ್ಷ.'

ಮಳೆಗಾಲಕ್ಕೆ ಮೂರು ವಾರವೂ ಉಳಿದಿರಲಿಲ್ಲ. ತಳ ಬರಿ ಮಣ್ಣಿನದು. ಒಂದು ಮಳೆ ಜೋರಾಗಿ ಹೊಡೆದರೆ ಆ ಕೊಳಕೆಲ್ಲ ಚಾಳಿನ ಬಾವಿಗೆ, ಅಲ್ಲಿಂದ ಮುಂದಿನ ಓಣಿಯ ಬಾವಿಗಳಿಗೆ. ನಾವು ಮೂವರು ಅಣ್ಣನ ಗಾಡಿಯ ಹತ್ತಿರ ನಿಂತು ಮಾತಾಡಿದೆವು.

'ಮುಚ್ಚಿದರೆ ಸಾಕ್ಷಿ ಹೋಯ್ತಲ್ಲ ಮಾರಾಯ್ರೆ,' ಎಂದರು ಅಣ್ಣ. 'ಆ ಶೇಟ ನಗ್ತಾ ಹೋಗ್ತಾನೆ.'

ನನಗೂ ಅದೇ ಸಂಕಟ. ಅವನನ್ನು ಕಟಕಟೆಯಲ್ಲಿ ನಿಲ್ಲಿಸಬೇಕು ಎಂದು ನನ್ನ ರಕ್ತ ಕುದಿಯುತ್ತಿತ್ತು. ಆದರೆ ಅಕ್ಕ ಎರಡೂ ಅಂಗೈ ಮುಂದೆ ಚಾಚಿದಳು. 'ಸಾಕ್ಷಿ ಇಲ್ಲೈತಿ. ಇದನ್ನ ಯಾರು ಮುಚ್ತಾರ? ನಿನ್ನ ಬಾವಿ ಮುಚ್ಚೋ ತಮ್ಮಾ. ನಿನ್ನ ಸಿಟ್ಟಿಗೆ ಓಣಿ ಮಂದಿ ಯಾಕ ಕುಡೀಬೇಕು?'

ಸಾಹೇಬರನ್ನು ಕೇಳಿದೆವು. ಅವರು ಕೆಟ್ಟವರಲ್ಲ, ತಲೆ ಕೆರೆದುಕೊಂಡು, ಜಾಗ ಹಿಡಿದವರೇ ಬರೆದುಕೊಟ್ಟರೆ ಮುಚ್ಚಲು ಬಿಡಬಹುದು ಎಂದರು. ಶೇಟ ಕುಣಿಯುತ್ತ ಬರೆದುಕೊಟ್ಟ. ಕೇಳುವ ಮೊದಲೇ ಎರಡು ಟ್ರಕ್ಕು ಮುರಮು ಮಣ್ಣು ಗೇಟಿನ ಮುಂದೆ ಸುರಿಸಿದ. 'ಜನರ ಸೇವೆ,' ಎಂದ. ಆ ಹೊತ್ತು ನನ್ನ ಕೈಯಲ್ಲಿ ಸಲಿಕೆ ಇತ್ತು. ಅಣ್ಣ ನನ್ನ ಮುಂಗೈ ಹಿಡಿದುಕೊಂಡೇ ನಿಂತಿದ್ದರು.

ಕೆಲಸ ಹೀಗೆ ಮಾಡಿದೆವು. ಕಾರಖಾನೆಯಲ್ಲಿ ದುಡಿಯುವ, ಅಕ್ಕನ ರೊಟ್ಟಿ ಉಂಡ ಒಬ್ಬ ಕೆಲಸಗಾರ ಕೊಟ್ಟ ಸಲಹೆಯಂತೆ, ಮೊದಲು ರಾಟೆ ಹಾಕಿ ಬಕೆಟ್ಟಿನಲ್ಲಿ ಮೇಲಿನ ನೀರು ಸೇದಿ ಶೇಟನ ಡ್ರಮ್ಮುಗಳಿಗೇ ತುಂಬಿ ಬಾಯಿ ಬಿಗಿದೆವು. ಆಮೇಲೆ ಆಸಿಡ್ಡು ಸಾಯಲೆಂದು ಸುಣ್ಣದ ತಿಳಿ, ಒಮ್ಮೆಗೇ ಅಲ್ಲ, ಒಂದೊಂದೇ ಕೊಡ. ಒಳಗಿಂದ ಬುಸ್ಸೆಂದು ಹೊಗೆ ಎದ್ದಿತು. ಹಿಂದೆ ಸರಿದು ನಿಂತು ಅದು ಇಳಿದ ಮೇಲೆ ಮತ್ತೊಂದು ಕೊಡ. ಎರಡು ದಿನ ಬಿಟ್ಟು ಮತ್ತೆ ಸೇದಿದೆವು. ಒಳಗೆ ಕೆಟ್ಟ ಗಾಳಿ ಇದೆಯೇ ನೋಡಲು ಕಂದೀಲು ಹಚ್ಚಿ ಇಳಿಬಿಟ್ಟೆ; ಆರಲಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಮೂಗಿಗೆ ಒದ್ದೆ ಬಟ್ಟೆ ಸುತ್ತಿ ಏಣಿ ಇಳಿದೆ.

ಏಳು ಹರವಿಗಳು ಕೆಸರಿನಲ್ಲಿ ನಿಂತೇ ಇದ್ದವು. ಒಂದನ್ನಾದರೂ ಮನೆಗೆ ಒಯ್ಯೋಣವೆಂದು ಕಂಠಕ್ಕೆ ಕೈ ಹಾಕಿದೆ. ನೆನೆದ ಬಿಸ್ಕೀಟಿನಂತೆ ಕೈಯಲ್ಲೇ ಕಳಚಿತು. ಎರಡನೆಯದೂ ಹಾಗೆಯೇ. ಏಳರಲ್ಲಿ ಒಂದೂ ಉಳಿಯಲಿಲ್ಲ. ನಾನು ಅಲ್ಲಿ ತಳದಲ್ಲಿ ನಿಂತು ಶೇಟನಿಗೆ ಬೈದ ಬೈಗುಳ, ನನಗೆ ನಾನೇ ಬೈದುಕೊಂಡದ್ದು, ಮೇಲಿದ್ದವರಿಗೆಲ್ಲ ಸ್ಪಷ್ಟವಾಗಿ ಕೇಳಿತಂತೆ. ಖಾಲಿಯಾದ ಬಾವಿ ತನ್ನ ಕೆಲಸ ಮರೆತಿರಲಿಲ್ಲ.

ಕಲ್ಲು, ಮುರಮು, ಪದರ ಪದರವಾಗಿ ಹಾಕಿ ನೀರು ಚಿಮುಕಿಸಿ ದಮ್ಮಸು ಹೊಡೆದೆವು. ಪ್ರತಿ ಪದರಕ್ಕೂ ದಮ್ಮಸಿನ ಸದ್ದು ಕುಗ್ಗುತ್ತ ಬಂತು. ಕೊನೆಯ ಪದರಕ್ಕೆ ಸಿಮೆಂಟು ಬಳಿದಾಗ ಮೊದಲ ಮಳೆಹನಿ ಮಾಡಿನ ತಗಡಿನ ಮೇಲೆ ಬಿತ್ತು.

ಕೇಸು ಏನಾಯಿತೆಂದು ಕೇಳಬೇಡಿ. ಬಾವಿ ಇಲ್ಲ, ನಕ್ಷೆಯಲ್ಲಿ ಮೊದಲೇ ಇಲ್ಲ, ಬರಿ ಪಂಚನಾಮೆ ಸಾಲಲಿಲ್ಲ. ಸೀಸೆಯ ನೀರು ಎಲ್ಲಿಂದ ತಂದದ್ದೆಂದು ಯಾರು ಹೇಳಬೇಕು? ಮುಂದಿನ ಓಣಿಯ ಬಾವಿಗಳು ಉಳಿದವು. ಚಾಳಿನದು ಉಳಿಯಲಿಲ್ಲ, ಅದಕ್ಕೆ ಕಬ್ಬಿಣದ ಜಾಳಿಗೆ ಬಿಗಿದರು. ಅಕ್ಕ ಟೇಶನ್ನಿನ ಆಚೆಯ ನಳದಿಂದ ಕೊಡ ಹೊತ್ತು ಖಾನಾವಳಿ ನಡೆಸಿದಳು, ಮೊದಲಿನ ಅರ್ಧದಷ್ಟು ರೊಟ್ಟಿ.

ಎಂಬತ್ತರ ದಶಕದಲ್ಲಿ ಶೇಟ ಕಟ್ಟಡವನ್ನು ಕೊಂಡೇಬಿಟ್ಟ. ಇಳಿಜಾರು ತುಂಬಿಸಿ ನೆಲ ಸಮ ಮಾಡಿ, ಬಣ್ಣ ಬಳಿಸಿ ಮದುವೆಗೆ ಕೊಡುವ ಮಂಗಲ ಕಾರ್ಯಾಲಯ ಮಾಡಿದ. ಉದ್ಘಾಟನೆಗೆ ಓಣಿಯವರನ್ನೆಲ್ಲ ಕರೆದ. 'ಈ ಜಾಗದ ಇತಿಹಾಸ ಹೇಳಲಿಕ್ಕೆ ನಮ್ಮ ಹಳೇ ಮಿಸ್ತ್ರಿ ಬೇಕು, ಬಾತ್ ಅಚ್ಛಾ ಕರ್ತಾ ಹೈ,' ಎಂದು ನನಗೇ ಆಮಂತ್ರಣ ಕಳಿಸಿದ. ನನ್ನ ಬಾಯಿಂದ ಒಮ್ಮೆ ಲಾಭ ಆಗಿತ್ತಲ್ಲ, ಇನ್ನೊಮ್ಮೆ ಆಗಲಿ ಎಂದು.

ಹೋದೆ. ಅವನು ಮುಂದಿನ ಸಾಲಿನಲ್ಲಿ ಹಾರ ಹಾಕಿಕೊಂಡು ಕೂತಿದ್ದ. ಮೈಕಿನ ಮುಂದೆ ನಿಂತು ಮಾವನಿಂದ ಶುರುಮಾಡಿದೆ. ಕಂಪನಿ, ಹಲಗೆ, ಕೀಲು, ಹರವಿ. ಶೇಟ ತಲೆದೂಗುತ್ತಿದ್ದ. ಆಮೇಲೆ 'ಎಷ್ಟು ಆಳ ಎಂದು ಇವರು ಕೇಳಿದರು' ಎಂದೆ. ಡ್ರಮ್ಮಿಗೆ ಬಂದೆ. ಕೊಳವೆಗೆ ಬಂದೆ. ಮೈಕು ಕುಯ್ಯೆಂದು ಸತ್ತುಹೋಯಿತು. ತಂತಿ ಯಾರೋ ಕಿತ್ತಿದ್ದರು.

ನಾನು ನಿಲ್ಲಿಸಲಿಲ್ಲ. ಗಂಟಲು ಹರಿಯುವ ಹಾಗೆ ಕೂಗಿದೆ. ಆದರೆ ಆ ಹಾಲ್‌ನಲ್ಲಿ ಈಗ ದನಿ ಮೂರನೆಯ ಸಾಲಿನಾಚೆ ಹೋಗುತ್ತಿರಲಿಲ್ಲ. ಹಾಗೆ ಆಗುವಂತೆ ದಮ್ಮಸು ಹೊಡೆದವನು ನಾನೇ. ಹಿಂದಿನವರು ಊಟದ ಪಂಕ್ತಿಯ ಕಡೆ ತಿರುಗಿ ಮಾತಾಡತೊಡಗಿದರು.

ಕೊನೆಯ ಸಾಲಿನಲ್ಲಿ ಅಕ್ಕ ಎದ್ದು ನಿಂತಳು. 'ಕೇಳಸವಲ್ದೋ ತಮ್ಮಾ,' ಎಂದು ಕೂಗಿದಳು. ಸೆರಗು ಬಿಗಿದುಕೊಂಡು ನಡುವಿನ ದಾರಿಯಲ್ಲಿ ನಡೆದು ಬಂದಳು. ಅವಳ ಹಿಂದೆ ಚಾಳಿನ ಹೆಂಗಸರು, ಅವರ ಹಿಂದೆ ಅಣ್ಣ. ಅಕ್ಕ ಮೊದಲ ಸಾಲಿಗೆ ಬಂದು ಶೇಟನ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತಳು. ಆ ಎರಡು ಅಂಗೈಗಳನ್ನು, ಮೇಲ್ಮುಖವಾಗಿ, ತೊಡೆಯ ಮೇಲೆ ಅವನಿಗೆ ಕಾಣುವಂತೆ ಇಟ್ಟುಕೊಂಡಳು.

'ಹೂಂ,' ಎಂದಳು. 'ಈಗ ಹೇಳ.'